ಬಂದೂಕು ಹಿಡಿಯದ ಸೈನ್ಯಾಧಿಕಾರಿ

ನಮ್ಮ ಕುಣಿಗಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದರು. ಸೈನ್ಯ ಅಂದ ಮೇಲೆ ಕುದುರೆ ಬೇಕು, ಮದ್ದುಗುಂಡು ಬೇಕು, ಅಕ್ಕಿ ಬೇಳೆ ಬೇಕು, ಡಾಕ್ಟರೂ ಬೇಕು. ಆದರೆ ಸೈನ್ಯಕ್ಕೆ ಪಾದ್ರಿ ಯಾತಕ್ಕೆ ಬೇಕು?

ನಗಬೇಡಿ, ಬೇಕು. ನಮ್ಮ ಭಾರತೀಯ ಸೇನೆಯಲ್ಲೂ ಧರ್ಮಗುರು ಎಂಬ ಹುದ್ದೆ ಇದೆ. ಸೈನಿಕರ ಧರ್ಮ ನೋಡಿ ಪಂಡಿತರು, ಮೌಲ್ವಿ, ಗ್ರಂಥಿ, ಪಾದ್ರಿ ಹೀಗೆ ನೇಮಿಸುತ್ತಾರೆ. ಅವರು ಸೇರುವಾಗ ಸಿಗುವ ದರ್ಜೆ ನಾಯಬ್ ಸುಬೇದಾರ್. ಪೂಜೆ ಪ್ರಾರ್ಥನೆ ಮಾಡಿಸುವುದು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿ ಮಾತಾಡಿಸುವುದು, ಸತ್ತವರ ಅಂತ್ಯಕ್ರಿಯೆ ನಡೆಸುವುದು ಅವರ ಕೆಲಸ. ಇಂಗ್ಲಿಷರ, ಅಮೆರಿಕದವರ ಸೈನ್ಯದಲ್ಲಿ ಇಂಥವರನ್ನು ಚಾಪ್ಲೇನ್ ಎನ್ನುತ್ತಾರೆ. ಚಾಪ್ಲೇನ್ ಯುದ್ಧ ಮಾಡುವವನಲ್ಲ. 1864ರ ಮೊದಲನೇ ಜಿನೀವಾ ಒಪ್ಪಂದದಲ್ಲೇ ಡಾಕ್ಟರುಗಳ ಜೊತೆಗೆ ಪಾದ್ರಿಗಳಿಗೂ ರಕ್ಷಣೆ ಕೊಟ್ಟಿದ್ದಾರೆ. ಆದರೆ ಕಾಗದದ ಮೇಲಿನ ರಕ್ಷಣೆ ಬೇರೆ, ರಣರಂಗ ಬೇರೆ. ಅದು ತಿಳಿಯಬೇಕಾದರೆ ರಾಬರ್ಟ್ ಪ್ರೆಸ್ಟನ್ ಟೇಲರ್ ಎಂಬುವರ ಜೀವನ ನೋಡಬೇಕು.

ಟೇಲರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಅವರು ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿ. ನಮ್ಮ ಗುಬ್ಬಿ, ತುಮಕೂರು ಕಡೆಗೆ ಹಿಂದೆ ಬಂದವರು ವೆಸ್ಲಿಯನ್ ಮಿಷನ್ನಿನವರು. ವಿಲಿಯಂ ಆರ್ಥರ್ ಎಂಬ ಪಾದ್ರಿ 1839ರಲ್ಲೇ ಗುಬ್ಬಿಗೆ ಬಂದು ಇದ್ದರು. ವೆಸ್ಲಿಯನ್ನರು ಎಳೆ ಮಕ್ಕಳಿಗೂ ದೀಕ್ಷಾಸ್ನಾನ ಕೊಡುತ್ತಾರೆ. ಬ್ಯಾಪ್ಟಿಸ್ಟರು ಹಾಗಲ್ಲ. ಬುದ್ಧಿ ಬಂದ ಮೇಲೆ ತಾನೇ ನಂಬಿಕೆ ಹೇಳಿಕೊಂಡವರಿಗೆ ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತಾರೆ. ಮುಖ್ಯ ವ್ಯತ್ಯಾಸ ಅಷ್ಟೆ. ಮಿಕ್ಕಿದ್ದನ್ನು ದೊಡ್ಡವರ ಹತ್ತಿರ ಕೇಳಿ ತಿಳಿಯಿರಿ.

1941ರಲ್ಲಿ ಟೇಲರ್ ಅವರನ್ನು ಫಿಲಿಪೈನ್ಸ್ ದ್ವೀಪಗಳಿಗೆ ಕಳಿಸಿದರು. ಆಗ ಅದು ಅಮೆರಿಕದ ಅಧೀನದಲ್ಲಿತ್ತು. ಅದೇ ಡಿಸೆಂಬರಿನಲ್ಲಿ ಜಪಾನ್ ಸೈನ್ಯ ನುಗ್ಗಿತು. ಬಟಾನ್ ಎಂಬ ಕಡೆ ತಿಂಗಳುಗಟ್ಟಲೆ ಕಾದಾಟ ನಡೆಯಿತು. ಊಟ ಮುಗಿಯಿತು, ಔಷಧಿ ಮುಗಿಯಿತು, ಮಲೇರಿಯಾ ಮಾತ್ರ ಮುಗಿಯಲಿಲ್ಲ. 1942ರ ಏಪ್ರಿಲ್ 9ರಂದು ಸುಮಾರು 75 ಸಾವಿರ ಜನ ಶರಣಾದರು. ಅವರಲ್ಲಿ ಹೆಚ್ಚಿನವರು ಫಿಲಿಪೈನ್ಸಿನವರೇ. ಅವರನ್ನೆಲ್ಲ ಸುಡು ಬಿಸಿಲಿನಲ್ಲಿ ಸುಮಾರು 100 ಕಿ.ಮೀ. ನಡೆಸಿದರು. ತುಮಕೂರಿನಿಂದ ಬೆಂಗಳೂರಿಗೆ ನಡೆದು ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು ದೂರ! ಕುಡಿಯಲು ನೀರು ಕೊಡಲಿಲ್ಲ. ಬಿದ್ದವರನ್ನು ಅಲ್ಲೇ ಕೊಂದರು. ಚರಿತ್ರೆಯಲ್ಲಿ ಇದಕ್ಕೆ ಬಟಾನ್ ಸಾವಿನ ನಡಿಗೆ ಎಂದು ಹೆಸರು. ಟೇಲರೂ ನಡೆದರು.

ಆಮೇಲೆ ಕಬನಾಟುವಾನ್ ಎಂಬ ಸೆರೆ ಶಿಬಿರ. ಅಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕೈದಿಗಳು ಸತ್ತರು. ಬಹುಪಾಲು ಜನ ಸತ್ತದ್ದು ಗುಂಡೇಟಿನಿಂದಲ್ಲ, ಹಸಿವು, ಭೇದಿ, ಮಲೇರಿಯಾದಿಂದ. ಯಾವ ಮಾತ್ರೆ ನಮ್ಮಲ್ಲಿ ಆಸ್ಪತ್ರೆಯಲ್ಲಿ ಸುಮ್ಮನೆ ಕೊಡುತ್ತಾರೋ ಅಂಥದ್ದು ಇಲ್ಲದೆ ಗಟ್ಟಿಮುಟ್ಟಾದ ಹುಡುಗರು ಹೋದರು. ಟೇಲರ್ ಆಸ್ಪತ್ರೆ ಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಸಾಯುವವನ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುವುದು ಪಾದ್ರಿಯ ಕೆಲಸ, ಸರಿ. ಆದರೆ ಔಷಧಿ ಸಿಕ್ಕರೆ ಆತ ಬದುಕುತ್ತಾನೆ ಅಂತ ಗೊತ್ತಿದ್ದಾಗ ಬರೀ ಪ್ರಾರ್ಥನೆ ಮಾಡಿ ಕೂರುವುದು ಹೇಗೆ? ಹೊರಗಿನ ಜನ ಗುಟ್ಟಾಗಿ ಶಿಬಿರದೊಳಕ್ಕೆ ಔಷಧಿ, ದುಡ್ಡು, ಕಾಗದ ಸಾಗಿಸುತ್ತಿದ್ದರು. ಟೇಲರ್ ಆ ಕೆಲಸದಲ್ಲಿ ಕೈ ಜೋಡಿಸಿದರು. ಸಿಕ್ಕಿಬಿದ್ದರೆ ತಲೆ ಹೋಗುವ ಕೆಲಸ ಅದು. 1944ರಲ್ಲಿ ಗುಟ್ಟು ರಟ್ಟಾಯಿತು. ಅವರನ್ನು ಬಿಸಿಲಲ್ಲಿ ಕಾಯುವ ಇಕ್ಕಟ್ಟಾದ ಗೂಡಿನಲ್ಲಿ ವಾರಗಟ್ಟಲೆ ಕೂಡಿಹಾಕಿದರು. ಜಪಾನ್ ಆಗ ಯುದ್ಧಕೈದಿಗಳ ಬಗೆಗಿನ 1929ರ ಒಪ್ಪಂದಕ್ಕೆ ರುಜು ಹಾಕಿತ್ತೇ ಹೊರತು ಅದನ್ನು ಪೂರ್ತಿ ಅಂಗೀಕರಿಸಿರಲಿಲ್ಲ. ಅಂಗೀಕರಿಸಿದ್ದರೂ ಆ ಗೂಡಿನ ಬಾಗಿಲು ತೆಗೆಯುತ್ತಿದ್ದರು ಅಂತ ನನಗೇನೂ ಅನ್ನಿಸುವುದಿಲ್ಲ.

ಹೇಗೋ ಜೀವ ಉಳಿಯಿತು. 1944ರ ಡಿಸೆಂಬರ್ 13ರಂದು ಸುಮಾರು 1,600 ಕೈದಿಗಳನ್ನು ಒರ್ಯೊಕು ಮಾರು ಎಂಬ ಹಡಗಿನ ತಳಕ್ಕೆ ತುಂಬಿ ಜಪಾನಿಗೆ ಹೊರಡಿಸಿದರು. ಕತ್ತಲೆ, ಸೆಕೆ, ಉಸಿರಾಡಲು ಗಾಳಿಯಿಲ್ಲ. ಬಾಯಾರಿಕೆಗೆ ಕೆಲವರಿಗೆ ಹುಚ್ಚೇ ಹಿಡಿಯಿತು. ಒಳಗೆ ಕೈದಿಗಳಿದ್ದಾರೆ ಎಂಬ ಗುರುತು ಹಡಗಿನ ಮೇಲೆ ಇರಲಿಲ್ಲ. ಹಾಗಾಗಿ ಅಮೆರಿಕದ ವಿಮಾನಗಳೇ ಅದಕ್ಕೆ ಬಾಂಬು ಹಾಕಿದವು. ತಮ್ಮವರ ಬಾಂಬಿಗೆ ತಮ್ಮವರೇ ಸತ್ತರು. ಉಳಿದವರನ್ನು ಬೇರೆ ಹಡಗಿಗೆ ಹತ್ತಿಸಿದರು. 1945ರ ಜನವರಿ 9ರಂದು ಫಾರ್ಮೋಸಾದಲ್ಲಿ, ಅಂದ್ರೆ ಈಗಿನ ತೈವಾನಿನಲ್ಲಿ, ಅದಕ್ಕೂ ಬಾಂಬು ಬಿತ್ತು. ಟೇಲರಿಗೆ ಅಲ್ಲಿ ಗಾಯವಾಯಿತು. ಮೂರನೇ ಹಡಗಿನಲ್ಲಿ ಚಳಿಗೆ ದಿನಾ ಹೆಣ ಬೀಳುತ್ತಿದ್ದವು. ಅದರಲ್ಲಿ ವಿಲಿಯಂ ಕಮಿಂಗ್ಸ್ ಎಂಬ ಕ್ಯಾಥೊಲಿಕ್ ಪಾದ್ರಿಯೂ ಇದ್ದರು. ಸಂಜೆಯಾದರೆ ಎಲ್ಲ ಪಂಗಡದವರನ್ನೂ ಸೇರಿಸಿ ಪ್ರಾರ್ಥನೆ ಹೇಳುತ್ತಿದ್ದರು. ಅವರೂ ದಾರಿಯಲ್ಲೇ ತೀರಿಕೊಂಡರು. ಆ ಹಡಗು ಜಪಾನಿನ ಮೋಜಿ ಬಂದರು ಮುಟ್ಟಿದಾಗ ಉಳಿದಿದ್ದವರು ಹೊರಟವರಲ್ಲಿ ಸುಮಾರು ಮೂರನೇ ಒಂದು ಭಾಗ.

ಟೇಲರ್ ಅವರನ್ನು ಅಲ್ಲಿಂದ ಮಂಚೂರಿಯಾಕ್ಕೆ ಸಾಗಿಸಿದರು. 1945ರ ಆಗಸ್ಟಿನಲ್ಲಿ ಯುದ್ಧ ಮುಗಿದು ಬಿಡುಗಡೆಯಾಯಿತು. ಊರಿಗೆ ಬಂದರೆ ಅಲ್ಲಿ ಮತ್ತೊಂದು ಪೆಟ್ಟು. ಗಂಡ ಸತ್ತನೆಂದು ನಂಬಿ ಹೆಂಡತಿ ಬೇರೆ ಮದುವೆಯಾಗಿದ್ದರು. ಯಾರನ್ನು ಬೈಯುವುದು? ಮೂರು ವರ್ಷ ಸೆರೆಯಲ್ಲಿದ್ದವನ ಸುದ್ದಿ ಸರಿಯಾಗಿ ತಲುಪುವ ಕಾಲವೇ ಅದಲ್ಲ. ಇಷ್ಟೆಲ್ಲ ಆದವರು ಸಮವಸ್ತ್ರ ಬಿಚ್ಚಿಟ್ಟು ಮನೆಯಲ್ಲಿ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಟೇಲರ್ ಸೈನಿಕರ ಪಾದ್ರಿಯಾಗಿಯೇ ಮುಂದುವರಿದರು. ವಾಯುಪಡೆಗೆ ಸೇರಿ, 1962ರಿಂದ 1966ರವರೆಗೆ ಅದರ ಎಲ್ಲ ಚಾಪ್ಲೇನರ ಮುಖ್ಯಸ್ಥರಾಗಿದ್ದರು. ದರ್ಜೆ ಮೇಜರ್ ಜನರಲ್. 1997ರಲ್ಲಿ ತೀರಿಕೊಂಡರು.