ಅಂಡರ್‌ಟೇಕರ್‌ಗೆ ಏಳು ಜೀವ ಇರಲಿಲ್ಲ

2000ರ ದಶಕದಲ್ಲಿ ಪ್ರೈಮರಿ ಶಾಲೆಗೆ ಹೋದ ಯಾವ ಹುಡುಗನನ್ನು ಬೇಕಾದರೂ ಕೇಳಿ ನೋಡಿ. ಡಬ್ಲ್ಯೂಡಬ್ಲ್ಯೂಇಯ ಅಂಡರ್‌ಟೇಕರ್‌ಗೆ ಏಳು ಜೀವ ಎಂಬುದು ಅವನಿಗೆ ಗೊತ್ತಿರುತ್ತದೆ. ಯಾರು ಹೇಳಿದ್ದೋ, ಹೇಗೆ ಹಬ್ಬಿತೋ ದೇವರೇ ಬಲ್ಲ. ನಮ್ಮ ಕ್ಲಾಸಿನಲ್ಲಂತೂ ಅದರಲ್ಲಿ ಎಷ್ಟು ಖರ್ಚಾಗಿದೆ, ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕವೂ ಇತ್ತು. ಕೇನ್ ಅವನ ಸ್ವಂತ ತಮ್ಮ, ಬೆಂಕಿಯಲ್ಲಿ ಮುಖ ಸುಟ್ಟಿದ್ದಕ್ಕೆ ಮಾಸ್ಕ್ ಹಾಕುತ್ತಾನೆ ಎಂದೂ ನಂಬಿದ್ದೆವು. ಊಟದ ಬಿಡುವಿನಲ್ಲಿ ಟ್ರಂಪ್ ಕಾರ್ಡ್ ಹಿಡಿದು ಕೂತರೆ ಎತ್ತರ, ತೂಕ, ಚೆಸ್ಟ್, ಬೈಸೆಪ್ಸ್ ಎಲ್ಲ ಬಾಯಿಪಾಠ. ಮಗ್ಗಿ ಅಷ್ಟು ಬಾಯಿಪಾಠ ಇರಲಿಲ್ಲ ಬಿಡಿ.

ಗುಟ್ಟು ಒಡೆದದ್ದು ಕಾಲೇಜಿಗೆ ಹೋಗುತ್ತಿದ್ದ ದೊಡ್ಡಪ್ಪನ ಮಗ. ‘ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ ಮಾರಾಯ’ ಎಂದ. ನಾನು ನಂಬಲಿಲ್ಲ. ಕುತ್ತಿಗೆ ಹಿಡಿದು ಮೇಲೆತ್ತಿ ಒಗೆಯುವ ಚೋಕ್‌ಸ್ಲ್ಯಾಮ್‌ನ ವಿಡಿಯೊ ಹಾಕಿ, ಎತ್ತಿಸಿಕೊಳ್ಳುವವನ ಕಾಲು ನೋಡು ಎಂದ. ನೋಡಿದೆ. ಅವನೇ ನೆಗೆಯುತ್ತಿದ್ದ! ಅಂಡರ್‌ಟೇಕರ್‌ನ ಹೆಸರು ಮಾರ್ಕ್ ಕ್ಯಾಲವೇ, ಕೇನ್‌ನ ಹೆಸರು ಗ್ಲೆನ್ ಜೇಕಬ್ಸ್. ಅಣ್ಣನೂ ಅಲ್ಲ, ತಮ್ಮನೂ ಅಲ್ಲ. (ಮುಂದೆ 2018ರಲ್ಲಿ ಆ ಕೇನ್ ಅಮೆರಿಕದ ಟೆನೆಸ್ಸೀ ರಾಜ್ಯದ ನಾಕ್ಸ್ ಕೌಂಟಿಗೆ ಮೇಯರ್ ಆದ. ಅದನ್ನಂತೂ ಯಾವ ಕ್ಲಾಸಿನ ಗಾಳಿಸುದ್ದಿಯೂ ಊಹಿಸಿರಲಿಲ್ಲ.)

ಸತ್ಯ ತಿಳಿದರೆ ಬದುಕು ಇನ್ನೂ ಚಂದ ಕಾಣುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲೆಲ್ಲ ಟಿವಿಯಲ್ಲಿ ದೀಪ ಆರಿ ಗಂಟೆ ಢಣ್ ಎಂದರೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಅದೇ ಗಂಟೆ ಕೇಳಿದಾಗ ಲೈಟ್ ಆಫ್ ಮಾಡುವವನು ಎಲ್ಲಿ ಕೂತಿರಬಹುದು ಎಂದು ಹುಡುಕತೊಡಗಿದೆ. ಆ ಹಳೆಯ ಜುಮ್ಮೆನ್ನುವಿಕೆ ಇವತ್ತಿಗೂ ವಾಪಸ್ ಬಂದಿಲ್ಲ. ಸೋಲು ಗೆಲುವಿಗಾಗಿ ದೇವರಿಗೆ ಕೈ ಮುಗಿದು ಕೂರುವ ಸುಖ ಒಮ್ಮೆ ಹೋದರೆ ಹೋಯಿತು.

ಆದರೆ ಕುಸ್ತಿ ನೋಡುವವರು ಕಮ್ಮಿಯಾಗಲಿಲ್ಲ ಎಂಬುದೂ ನಿಜ. 1989ರಲ್ಲೇ ನ್ಯೂಜೆರ್ಸಿ ರಾಜ್ಯದಲ್ಲಿ ಈ ಕಂಪನಿ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾನೇ ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ನಿಯಮ, ತೆರಿಗೆಗಳಿಂದ ತಪ್ಪಿಸಿಕೊಳ್ಳುವ ಉಪಾಯ ಅದು. ಗುಟ್ಟು ಹೊರಬಿದ್ದ ಮೇಲೂ ಜನ ಟಿಕೆಟ್ ತಗೊಂಡು ಬಂದರು. ನಾವು ಏಳು ಜೀವದ ಲೆಕ್ಕ ಹಾಕುತ್ತಿದ್ದದ್ದೂ ಅದಾಗಿ ಎಷ್ಟೋ ವರ್ಷದ ಮೇಲೆ!

ಇದು ಕರಾವಳಿಯ ನಮಗೆ ಅಷ್ಟೇನೂ ಆಶ್ಚರ್ಯದ ಸಂಗತಿ ಅಲ್ಲ. ‘ದೇವಿ ಮಹಾತ್ಮೆ’ ಬಯಲಾಟದಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ಅಬ್ಬರಿಸುತ್ತ ಬರುವಾಗ ಸಣ್ಣ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. ಅದೇ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಚೌಕಿಗೆ ಇಣುಕುತ್ತಾರೆ. ಅಲ್ಲಿ ಮಹಿಷ ಕೊಂಬು ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿರುತ್ತಾನೆ. ಹಾಗಂತ ಆಟ ನೋಡುವುದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ನನ್ನಜ್ಜಿಗೆ ಮಹಿಷ ಸಾಯುತ್ತಾನೆಂದೂ ಗೊತ್ತಿತ್ತು, ವೇಷ ಯಾರದ್ದೆಂದೂ ಗೊತ್ತಿತ್ತು. ಆದರೂ ನಿದ್ದೆಗೆಟ್ಟು ನೋಡಿ ಬಂದು, ‘ಈ ಸಲದ ಮಹಿಷ ಸಾಕಾಗಲಿಲ್ಲ’ ಎನ್ನುತ್ತಿದ್ದರು. ಹೆದರಿಕೆ ಹೋದ ಜಾಗದಲ್ಲಿ ರುಚಿ ಬಂದು ಕೂತಿತ್ತು.

ಕುಸ್ತಿಯ ವಿಷಯದಲ್ಲಿ ನನಗೆ ಅಷ್ಟು ಸಲೀಸಾಗಲಿಲ್ಲ. ಎಲ್ಲ ನಾಟಕ ಎಂದು ಗೊತ್ತಾದಾಗ ಬೇಜಾರಿನ ಜೊತೆ ಒಂದು ನೆಮ್ಮದಿಯೂ ಸಿಕ್ಕಿತ್ತು. ಯಾರಿಗೂ ನೋವಾಗುವುದಿಲ್ಲವಲ್ಲ! ಪಿಯುಸಿಯಲ್ಲಿದ್ದಾಗ ಹಳೆಯ ವಿಡಿಯೊಗಳನ್ನು ಹುಡುಕಿ ನೋಡುವ ಚಟ ಹತ್ತಿತು. ಅದರಲ್ಲೊಂದು 1998ರ ಜೂನ್ 28ರದ್ದು. ಅಂಡರ್‌ಟೇಕರ್ ಸುಮಾರು 16 ಅಡಿ ಎತ್ತರದ ಪಂಜರದ ಮೇಲಿನಿಂದ ಮ್ಯಾನ್‌ಕೈಂಡ್‌ನನ್ನು, ಅಂದರೆ ಮಿಕ್ ಫೋಲಿಯನ್ನು, ಕೆಳಗಿನ ಮೇಜಿನ ಮೇಲೆ ಎಸೆಯುತ್ತಾನೆ. ಎಸೆತ ಮೊದಲೇ ಮಾತಾಡಿಕೊಂಡದ್ದು. ನೆಲಕ್ಕೆ ಅದು ಗೊತ್ತಿರಲಿಲ್ಲ. ಫೋಲಿ ಮತ್ತೆ ಎದ್ದು ಮೇಲೆ ಹತ್ತುತ್ತಾನೆ, ಈ ಸಲ ಪಂಜರದ ಚಾವಣಿಯೇ ಕಳಚಿ ರಿಂಗಿನೊಳಗೆ ಬೀಳುತ್ತಾನೆ. ಹಲ್ಲು ಮುರಿದು ಮೂಗಿನೊಳಗೆ ಸಿಕ್ಕಿಕೊಂಡಿತ್ತು. ಮುಂದಿನ ವರ್ಷ ಮೇ 23ರಂದು ಕಾನ್ಸಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದಲ್ಲಿ ಇಳಿದು ಬರಬೇಕಿತ್ತು. ಕೊಂಡಿ ಬೇಗ ಬಿಚ್ಚಿಕೊಂಡಿತು. ಇದು ಕಾರ್ಯಕ್ರಮದ ಭಾಗವಲ್ಲ ಎಂದು ಕಾಮೆಂಟೇಟರ್ ಹೇಳಬೇಕಾಯಿತು. 34 ವರ್ಷದ ಓವೆನ್ ತೀರಿಕೊಂಡರು. ಆ ರಾತ್ರಿ ಉಳಿದ ಪಂದ್ಯಗಳೂ ನಡೆದವು.

ಏಳು ಜೀವದ ಕಥೆ ಸುಳ್ಳಾದಾಗ ನಾನು ಅತ್ತಿರಲಿಲ್ಲ. ‘ಎಲ್ಲ ನಾಟಕ’ ಎಂಬುದು ಸುಳ್ಳಾದಾಗ ನಿಜಕ್ಕೂ ಸಂಕಟವಾಯಿತು. ಅಣ್ಣ ಒಡೆದದ್ದು ಒಂದು ಭ್ರಮೆ, ಅದರ ಜಾಗದಲ್ಲಿ ನಾನು ಹಾಯಾಗಿ ಒರಗಿಕೊಂಡದ್ದೂ ಇನ್ನೊಂದು ಭ್ರಮೆಯೇ. ಮೊದಲನೆಯದು ನಮ್ಮನ್ನು ಬೆರಗಿನಿಂದ ನೋಡುವ ಹಾಗೆ ಮಾಡಿತ್ತು. ಎರಡನೆಯದರಲ್ಲಿ ಬೀಳುವವನ ಕಡೆ ನೋಡಬೇಕಾಗಿಯೇ ಇರಲಿಲ್ಲ.

2014ರಲ್ಲಿ ಬ್ರಾಕ್ ಲೆಸ್ನರ್ ಕೈಯಲ್ಲಿ ಅಂಡರ್‌ಟೇಕರ್ ಸೋತ. ರೆಸಲ್‌ಮೇನಿಯಾದಲ್ಲಿ 21 ಗೆಲುವಿನ ನಂತರ ಮೊದಲ ಸೋಲು. ಗ್ಯಾಲರಿಯಲ್ಲಿದ್ದ ದೊಡ್ಡವರೆಲ್ಲ ಬಾಯಿ ತೆರೆದು ನಿಂತುಬಿಟ್ಟರು. ಬರೆದಿಟ್ಟ ಸೋಲು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಗಂಟಲು ಕಟ್ಟಿತು. ಆ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಕ್ಯಾಲವೇ ಆಸ್ಪತ್ರೆ ಸೇರಿದ್ದರು. ಆ ದಿನದ ನೆನಪೇ ತನಗಿಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು. ಅಲ್ಲಿಗೆ ನಾನು ‘ಅವನು’ ಎನ್ನುವುದನ್ನು ಬಿಟ್ಟು ‘ಅವರು’ ಎನ್ನತೊಡಗಿದ್ದೆ.

ಈಗಲೂ ಬಿಡುವಾದಾಗ ನೋಡುತ್ತೇನೆ. ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಅಷ್ಟಿಲ್ಲ. ಎತ್ತಿ ಒಗೆಯುವವನ ಕೈ ಎದುರಾಳಿಯ ಕತ್ತಿಗೆ ಆಸರೆಯಾಗಿದೆಯೇ ಎಂದು ನೋಡುತ್ತೇನೆ. ಅಷ್ಟು ಸಿಟ್ಟಿನ ಮುಖ ಮಾಡಿಕೊಂಡೂ ಅಷ್ಟು ಜೋಪಾನವಾಗಿ ಕೆಳಗಿಳಿಸುತ್ತಾರಲ್ಲ, ಅದು ಕಣ್ಣಿಗೆ ಬಿದ್ದಾಗ ಚಿಕ್ಕಂದಿನಲ್ಲಿ ಸಿಗದಿದ್ದ ಒಂದು ಖುಷಿ ಸಿಗುತ್ತದೆ. ಕೆಲವೊಮ್ಮೆ ಲೆಕ್ಕ ತಪ್ಪುತ್ತದೆ. ಬಿದ್ದವರು ಏಳಲು ತಡವಾದರೆ ನಾನು ಮೊಬೈಲ್ ಹಿಡಿದು ಎದ್ದು ಕೂರುತ್ತೇನೆ. ‘ಅದೆಲ್ಲ ಫೇಕ್ ಕಣೋ, ಮಲಕ್ಕೋ’ ಎಂದು ರೂಮ್‌ಮೇಟ್ ಮುಸುಕೆಳೆಯುತ್ತಾನೆ. ಅವರು ಎದ್ದು ಕೂರುವವರೆಗೆ ನನಗೆ ನಿದ್ದೆ ಬರುವುದಿಲ್ಲ.