ಊಟಿಯ ಎಣ್ಣೆ, ಸೊಳ್ಳೆಯ ಮೀಸೆ

ಊಟಿಗೆ ಹೋಗಿ ಬಂದವರ ಚೀಲದಲ್ಲಿ ವರ್ಕಿ, ಚಾಕೊಲೇಟಿನ ಜೊತೆಗೆ ಒಂದು ಬಾಟಲಿ ನೀಲಗಿರಿ ಎಣ್ಣೆ ಇರಲೇಬೇಕು. ನಮ್ಮ ದೊಡ್ಡಮ್ಮ ನೆಗಡಿಗೆಂದು ತಂದಿಟ್ಟ ಬಾಟಲಿ ಮಳೆಗಾಲದಲ್ಲಿ ನನ್ನ ಕೈಗೆ ಸಿಕ್ಕಿತು. ಮೊಬೈಲಿಗೆ ಬಂದ ವಿಡಿಯೊ ನೋಡಿ ಸ್ಪ್ರೇ ಬಾಟಲಿಗೆ ನೀರು ತುಂಬಿದೆ, 20 ಹನಿ ಎಣ್ಣೆ ಬಿಟ್ಟೆ, ಕುಲುಕಿ ಕೈಕಾಲಿಗೆಲ್ಲ ಹೊಡೆದುಕೊಂಡೆ. ಮನೆ ತುಂಬ ಆವಿ ಹಿಡಿದಂಥ ವಾಸನೆ. ಜಗಲಿಯಲ್ಲಿ ಕೂತರೆ ಸೊಳ್ಳೆಗಳು ಎಂದಿನಷ್ಟೇ ಸಲಿಗೆಯಿಂದ ಕಚ್ಚಿದವು. ಆ ಒಂದು ಬಾಟಲಿಯೊಳಗೆ ಎಷ್ಟು ತಪ್ಪು ಕಲ್ಪನೆಗಳನ್ನು ಕಲಸಿದ್ದೆ ಎಂಬುದು ಆಮೇಲೆ ಓದಿ ತಿಳಿದದ್ದು.

“ನೀಲಗಿರಿ ಎಣ್ಣೆ ಸೊಳ್ಳೆಗೆ ಆಗುತ್ತದಂತೆ”

ಈ ಮಾತಿಗೆ ಒಂದು ಬೇರಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2005ರಿಂದ ಸೊಳ್ಳೆ ತಡೆಗೆ ಶಿಫಾರಸು ಮಾಡುತ್ತಿರುವ ವಸ್ತುಗಳಲ್ಲಿ ನೀಲಗಿರಿ ಜಾತಿಯ ಮರದಿಂದ ಬಂದದ್ದೂ ಒಂದಿದೆ. ಆದರೆ ಆ ಮರ ಬೇರೆ, ಊಟಿಯ ಬಾಟಲಿಯ ಮರ ಬೇರೆ. ಊಟಿಯಲ್ಲಿ ಭಟ್ಟಿ ಇಳಿಸುವುದು ಗ್ಲೋಬ್ಯುಲಸ್ ಎಂಬ ಜಾತಿಯ ಎಲೆಯನ್ನು. ಅದರಲ್ಲಿ ಮುಖ್ಯವಾಗಿರುವುದು ಸಿನಿಯೋಲ್. ಕಟ್ಟಿದ ಮೂಗು ಬಿಡಿಸುವುದು ಅದೇ. ಸೊಳ್ಳೆಯ ಮಟ್ಟಿಗೆ ಹೆಸರು ಮಾಡಿದ್ದು ಎಲೆ ಹಿಸುಕಿದರೆ ನಿಂಬೆಯಂತೆ ಘಮಿಸುವ ಸಿಟ್ರಿಯೊಡೋರ ಜಾತಿ. (ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಮೊದಲು ಬಂದ ಈ ಮರಗಳಲ್ಲಿ ಹತ್ತಾರು ಜಾತಿಗಳಿದ್ದರೂ ನಾವು ಎಲ್ಲವನ್ನೂ ನೀಲಗಿರಿ ಎಂದು ಒಂದೇ ಹೆಸರಿನಲ್ಲಿ ಕೂಗಿಬಿಟ್ಟೆವು. ಗೊಂದಲಕ್ಕೆ ಅರ್ಧ ಕಾರಣ ಅದು.)

ಹಾಗಾದರೆ ನಿಂಬೆ ವಾಸನೆಯ ನೀಲಗಿರಿ ಎಣ್ಣೆಯನ್ನೇ ಹುಡುಕಿ ತಂದರಾಯಿತಲ್ಲ? ಅದೂ ಸಾಲದು. 1960ರ ದಶಕದಲ್ಲಿ ಚೀನಾದವರು ಸೊಳ್ಳೆ ಓಡಿಸುವ ಗಿಡಗಳನ್ನು ಸಾಲಾಗಿ ಪರೀಕ್ಷಿಸುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಈ ಎಲೆಯಿಂದ ಭಟ್ಟಿ ಇಳಿಸಿದ ಎಣ್ಣೆಗಿಂತ, ಎಣ್ಣೆ ತೆಗೆದ ಮೇಲೆ ಚೆಲ್ಲಬೇಕಾಗಿದ್ದ ಶೇಷವೇ ಹೆಚ್ಚು ಹೊತ್ತು ಸೊಳ್ಳೆಯನ್ನು ತಡೆಯಿತು. ಅದರಲ್ಲಿದ್ದ ವಸ್ತುವಿಗೆ ಈಗ ಪಿಎಂಡಿ ಎನ್ನುತ್ತಾರೆ. ಎಣ್ಣೆಯಲ್ಲಿ ತುಂಬಿರುವ ಸಿಟ್ರೊನೆಲ್ಲಾಲ್ ಗಾಳಿಗೆ ಬೇಗ ಹಾರಿಹೋಗುತ್ತದೆ. ಪಿಎಂಡಿ ನಿಧಾನವಾಗಿ ಆರುತ್ತದೆ, ಹಾಗಾಗಿ ಚರ್ಮದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ. ಸಿಡಿಸಿ ಹೇಳುವುದು ಹೀಗೆ ಸಂಸ್ಕರಿಸಿ ಪಿಎಂಡಿ ಹೆಚ್ಚಿಸಿದ ಉತ್ಪನ್ನದ ಮಾತು. ಹಸಿ ಎಣ್ಣೆಯಲ್ಲಿ ಪಿಎಂಡಿ ಇರುವುದು ಅತ್ಯಲ್ಪ. ಅಡುಗೆಮನೆಯಲ್ಲಿ ಕುಲುಕಿದರೆ ಅದು ಹೆಚ್ಚುವುದಿಲ್ಲ.

“ವಾಸನೆ ಇರುವತನಕ ಸೊಳ್ಳೆ ಸುಳಿಯದು”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. ಸೊಳ್ಳೆಗೆ ನಮ್ಮಂತೆ ಮೂಗಿಲ್ಲ, ಮೀಸೆಯಿದೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ಲ್ಯಾಕ್ಟಿಕ್ ಆಮ್ಲ, ಮೈಯ ಬಿಸಿ ಇವೇ ಅದಕ್ಕೆ ದಾರಿ ತೋರಿಸುವ ಗುರುತುಗಳು. ಲೇಪನ ಕೆಲಸ ಮಾಡುವುದು ಚರ್ಮದಿಂದ ಕೆಲವೇ ಸೆಂಟಿಮೀಟರ್ ಎತ್ತರದವರೆಗಿನ ಗಾಳಿಯಲ್ಲಿ. ಅಲ್ಲಿ ಅದರ ಆವಿ ತೆಳುವಾದ ಕ್ಷಣ ಕಾವಲು ಮುಗಿಯಿತು, ನಮ್ಮ ಅಂಗಿಯಲ್ಲಿ ಘಮ ಉಳಿದಿದ್ದರೂ ಅಷ್ಟೇ.

ಎಷ್ಟು ಬೇಗ ಮುಗಿಯುತ್ತದೆ? 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾಡಿನ್ ಮತ್ತು ಡೇ ಪ್ರಕಟಿಸಿದ ಹೋಲಿಕೆ ಇಂದಿಗೂ ಉಲ್ಲೇಖವಾಗುತ್ತದೆ. ಸೊಳ್ಳೆ ತುಂಬಿದ ಪಂಜರದೊಳಗೆ ಲೇಪನ ಹಚ್ಚಿದ ಕೈ ಇಟ್ಟು, ಮೊದಲ ಕಡಿತ ಬೀಳುವವರೆಗಿನ ಹೊತ್ತು ಅಳೆದರು. ಡೀಟ್ ಎಂಬ ರಾಸಾಯನಿಕ ಶೇ 23.8ರಷ್ಟು ಇದ್ದ ಲೇಪನ ಸರಾಸರಿ 5 ಗಂಟೆ ತಡೆಯಿತು. ಸಿಟ್ರೊನೆಲ್ಲಾ ಎಂಬ ಘಮದ ಹುಲ್ಲಿನ ಎಣ್ಣೆಯ ಲೇಪನಗಳು 20 ನಿಮಿಷವನ್ನೂ ದಾಟಲಿಲ್ಲ. ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳಿಂದ ಏನೂ ಆಗಲಿಲ್ಲ. ಅಲ್ಲಿ ಗೆದ್ದು ಬಂದ ಗಿಡಮೂಲದ ಅಚ್ಚರಿಯೆಂದರೆ ಶೇ 2ರಷ್ಟು ಸೋಯಾ ಎಣ್ಣೆಯಿದ್ದ ಲೇಪನ, ಸುಮಾರು ಒಂದೂವರೆ ಗಂಟೆ. ಸೋಯಾ ಎಣ್ಣೆಗೆ ಹೇಳಿಕೊಳ್ಳುವಂಥ ಘಮವೇ ಇಲ್ಲ!

ಬೇವಿನ ಎಣ್ಣೆಯ ಕಥೆ ಸ್ವಲ್ಪ ಬೇರೆ. ಕೊಬ್ಬರಿ ಎಣ್ಣೆಗೆ ಶೇ 2ರಷ್ಟು ಬೇವಿನ ಎಣ್ಣೆ ಬೆರೆಸಿ ಹಚ್ಚಿದರೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯಿಂದ 12 ಗಂಟೆ ರಕ್ಷಣೆ ಸಿಕ್ಕಿತೆಂದು ಭಾರತದ ವಿಜ್ಞಾನಿಗಳು 1993ರಲ್ಲಿ ವರದಿ ಮಾಡಿದ್ದರು. ಆಮೇಲಿನ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಸಮನಾಗಿ ಬರಲಿಲ್ಲ. ಅನಾಫಿಲಿಸ್‌ಗೆ ಆದದ್ದು ಡೆಂಗಿಯ ಈಡಿಸ್‌ಗೂ ಆಗುತ್ತದೆಂದು ಹೇಳಲು ಬರುವುದಿಲ್ಲ. ಬೇವು ಬೇಡವೆನ್ನುತ್ತಿಲ್ಲ, ಅದನ್ನೊಂದೇ ನೆಚ್ಚಿ ಡೆಂಗಿ ಕಾಲ ಕಳೆಯಬೇಡಿ.

“ನೀರಿಗೆ ನಾಲ್ಕು ಹನಿ, ಕುಲುಕಿದರೆ ಸಾಕು”

ಸಾಲುವುದಿಲ್ಲ. ಎಣ್ಣೆ ನೀರಿನಲ್ಲಿ ಕರಗದು, ಮೇಲೆ ತೇಲುತ್ತದೆ. ಒಂದು ಸಲ ಬರೀ ನೀರು ಸಿಂಪಡಿಕೆಯಾಗುತ್ತದೆ, ಇನ್ನೊಂದು ಸಲ ಒಂದೇ ಕಡೆ ಅಪ್ಪಟ ಎಣ್ಣೆ ಬಿದ್ದು ಚರ್ಮ ಉರಿಯುತ್ತದೆ. ನನಗೆ ಆದದ್ದು ಎರಡೂ. ಮಾಡುವುದೇ ಆದರೆ ಕೊಬ್ಬರಿ ಎಣ್ಣೆಯಲ್ಲಿ ಮಾಡಿ. ಘಮ ಹಾರುವುದನ್ನು ಅದು ತುಸು ನಿಧಾನಿಸುತ್ತದೆ. 100 ಮಿಲಿಗೆ ಸಿಟ್ರೊನೆಲ್ಲಾ ಎಣ್ಣೆ 2ರಿಂದ 3 ಮಿಲಿ. ಹನಿ ಎಣಿಸಬೇಡಿ, ಒಂದೊಂದು ಬಾಟಲಿಯ ಹನಿ ಒಂದೊಂದು ಗಾತ್ರ. ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜನ್ನು ಸೂಜಿ ಇಲ್ಲದೆ ಅಳತೆಗೆ ಬಳಸಿ. ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾದು ನೋಡಿ. ಕಣ್ಣಿನ ಸುತ್ತ, ಗಾಯದ ಮೇಲೆ ಬೇಡ. ಅರ್ಧ ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆ ತಾಳ್ಮೆ ಇಲ್ಲದಿದ್ದರೆ ಮಾಡದಿರುವುದೇ ಲೇಸು.

“ಗಿಡದ್ದು ತಾನೆ, ಏನೂ ಆಗಲ್ಲ ಬಿಡಿ”

ಈ ಮಾತು ಕೇಳಿದಾಗ ನನಗೆ ಸಿಟ್ಟೇ ಬರುತ್ತದೆ. ಬೇವಿನ ಎಣ್ಣೆ ಕುಡಿಸಿದ ಹಸುಗೂಸುಗಳ ಮಿದುಳು, ಯಕೃತ್ತು ಹಾಳಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಕರ್ಪೂರ ಪುಟ್ಟ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ; ಸೊಳ್ಳೆಗೆಂದು ತಟ್ಟೆ ನೀರಿನಲ್ಲಿ ಕರ್ಪೂರ ಹಾಕಿ ಮಂಚದ ಕೆಳಗೆ ಇಡುವವರು ಅಂಬೆಗಾಲಿಡುವ ಮಗುವನ್ನು ನೆನೆಯಬೇಕು. (ಅಂದಹಾಗೆ ಅಂಗಡಿಯ ಕರ್ಪೂರ ಹೆಚ್ಚಾಗಿ ಕರ್ಪೂರದ ಮರದ್ದಲ್ಲ, ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು.) ಲವಂಗದ ಎಣ್ಣೆ ಸೊಳ್ಳೆಯನ್ನು ನಿಜಕ್ಕೂ ತಡೆಯುತ್ತದೆ, ಪ್ರಯೋಗದಲ್ಲಿ 2ರಿಂದ 4 ಗಂಟೆ. ಆದರೆ ಅದು ಏನೂ ಬೆರೆಸದೆ ಹಚ್ಚಿದಾಗ, ಹಾಗೆ ಹಚ್ಚಿದರೆ ಚರ್ಮ ಬೊಬ್ಬೆ ಏಳಬಹುದು. ಹಿಂಡಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆಯಂತೆ ಗುರುತು ಉಳಿಯುತ್ತದೆ. ಸಂಸ್ಕರಿಸಿದ ಪಿಎಂಡಿ ಉತ್ಪನ್ನವನ್ನೂ 3 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಕೂಸಿಗೆ ಸೊಳ್ಳೆ ಪರದೆಯೇ ವಾಸಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಬೆಳ್ಳುಳ್ಳಿ ತಿಂದರೆ ಸೊಳ್ಳೆ ಕಚ್ಚದು ಎಂಬುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬಾಗಿಲಲ್ಲಿ ಕುಂಡದ ತುಳಸಿ ನೆಟ್ಟರೆ ಪುಣ್ಯ ಬರಬಹುದು; ಸುಮ್ಮನೆ ನಿಂತ ಗಿಡ ಸೊಳ್ಳೆ ಓಡಿಸುವಷ್ಟು ಆವಿ ಬಿಡುವುದಿಲ್ಲ. ಬೇವಿನ ಸೊಪ್ಪಿನ ಹೊಗೆಗೆ ಸೊಳ್ಳೆ ಸರಿಯುವುದು ಹೌದು, ಆದರೆ ಕೆಮ್ಮು ಬರುವುದು ನಮಗೆ. ಹೊಗೆ ಸೊಳ್ಳೆ ಬತ್ತಿಯದ್ದಾದರೂ ಬೇವಿನದ್ದಾದರೂ ಶ್ವಾಸಕೋಶಕ್ಕೆ ಹೊಗೆಯೇ.

“ಕಾಡಿಗೆ ಹೋಗುವಾಗಲೂ ಮನೆ ಎಣ್ಣೆಯೇ ಸಾಕು”

ಮಲೆನಾಡಿನವರಿಗೆ ಇದು ಜೀವದ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ದರಗು ಗುಡಿಸಲು, ಸೌದೆಗೆ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿತ್ತು, ಈಚೆಗೆ ಡೀಪಾ ಎಣ್ಣೆ ಕೊಡುತ್ತಿದೆ. ಡೀಪಾ ನಮ್ಮದೇ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಕೊಡುಗೆ. ಅದರ ಜಾಗದಲ್ಲಿ ಮನೆಯಲ್ಲಿ ಬೆರೆಸಿದ ಸಿಟ್ರೊನೆಲ್ಲಾ ಹಚ್ಚಿ ಕಾಡು ಹೊಗಬಾರದು.

ನಾನು ಮನೆ ಎಣ್ಣೆಯನ್ನು ಬಿಟ್ಟಿಲ್ಲ. ಸಂಜೆ ಜಗಲಿಯಲ್ಲಿ ಅರ್ಧ ಗಂಟೆ ಹರಟೆಗೆ ಅದು ಸಾಕು. ಮಳೆ ಹಿಡಿದ ಮೇಲೆ ಮಾತ್ರ ಅಂಗಡಿಯ ಟ್ಯೂಬು, ಅದೂ ರಾತ್ರಿಗಿಂತ ಮೊದಲು ಬೆಳಿಗ್ಗೆ, ಏಕೆಂದರೆ ಈಡಿಸ್ ಕಚ್ಚುವುದು ಹಗಲಿನಲ್ಲಿ. ವಾರಕ್ಕೊಮ್ಮೆ ಬಚ್ಚಲ ಹಿಂದಿನ ಡ್ರಮ್ಮು ಖಾಲಿ ಮಾಡುತ್ತೇನೆ. ನೀರು ಚೆಲ್ಲಿ ಮಗುಚಿಟ್ಟರೆ ಆಯಿತೆಂದುಕೊಂಡಿದ್ದೆ. ಈಡಿಸ್‌ನ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ, ನೀರು ಬಿದ್ದ ದಿನ ಒಡೆಯುತ್ತದೆ. ಅದಕ್ಕೇ ಈಗ ತೆಂಗಿನ ನಾರು ಹಿಡಿದು ಉಜ್ಜಿಯೇ ತೊಳೆಯುವುದು.