ತಂತಿಯೊಳಗಿನ ಲೆಕ್ಕ

ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಬೀಗ ಮಾಡಿ ಜೀವಿಸುತ್ತಿದ್ದ ಕುಶಲಕರ್ಮಿಯೊಬ್ಬನಿದ್ದನು. ಶಾಲೆಯ ಓದು ಹೆಚ್ಚಿಲ್ಲದಿದ್ದರೂ ಸ್ವಂತ ಪರಿಶ್ರಮದಿಂದ ಗಣಿತವನ್ನು ಕಲಿತು, ಅದನ್ನು ತನ್ನ ಮಕ್ಕಳಿಗೆ ತಾನೇ ಬೋಧಿಸಿದನು. ಆ ಮಕ್ಕಳಲ್ಲಿ ಒಬ್ಬನು 1789ರಲ್ಲಿ ಜನಿಸಿದ ಜಾರ್ಜ್ ಸೈಮನ್ ಓಮ್. 1817ರಲ್ಲಿ ಓಮ್ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯನಾದನು. ಅಲ್ಲಿ ಉತ್ತಮವಾದ ಪ್ರಯೋಗಾಲಯವಿತ್ತು. ಬೇಕಾದ ಸಲಕರಣೆಗಳನ್ನು ತಾನೇ ಮಾಡಿಕೊಳ್ಳಬಲ್ಲ ಕೈಚಳಕವು ತಂದೆಯಿಂದ ಬಂದಿತ್ತು.

ವೋಲ್ಟನು 1800ರಲ್ಲಿ ವಿದ್ಯುತ್ಕೋಶವನ್ನು ಜಗತ್ತಿಗೆ ತಿಳಿಸಿಯಾಗಿತ್ತು. ತಂತಿಯಲ್ಲಿ ಪ್ರವಾಹ ಹರಿಯುವುದನ್ನು ಎಲ್ಲರೂ ಬಲ್ಲವರಾಗಿದ್ದರು. ಆದರೆ ಎಷ್ಟು ಹರಿಯುತ್ತದೆ, ಅದನ್ನು ತಡೆಯುವುದು ಯಾವುದು ಎಂಬ ಪ್ರಶ್ನೆಗಳಿಗೆ ಖಚಿತವಾದ ಲೆಕ್ಕವಿರಲಿಲ್ಲ. ಓಮ್ ಮೊದಲು ವೋಲ್ಟನ ಕೋಶವನ್ನೇ ಬಳಸಿ ನೋಡಿದನು. ಅದರ ಬಲವು ಅಳೆಯುತ್ತಿರುವಾಗಲೇ ಕುಗ್ಗುತ್ತ ಹೋಗುತ್ತಿತ್ತು. ತೂಕದ ಬಟ್ಟೇ ಗಳಿಗೆಗೊಮ್ಮೆ ಸವೆಯುತ್ತಿದ್ದರೆ ತಕ್ಕಡಿಯನ್ನು ನಂಬುವುದು ಹೇಗೆ? ಆಗ ಪೊಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಬಿಸ್ಮತ್ ಮತ್ತು ತಾಮ್ರದ ತುಂಡುಗಳನ್ನು ಕೂಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದನು. ಎರಡರ ಉಷ್ಣತೆ ಬದಲಾಗದಿರುವವರೆಗೆ ವಿದ್ಯುತ್ತಿನ ಒತ್ತಡವೂ ಬದಲಾಗುವುದಿಲ್ಲ. ಬಳಿಕ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದಾದಮೇಲೊಂದರಂತೆ ಜೋಡಿಸಿದನು. ಅತಿ ಗಿಡ್ಡದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ಪ್ರತಿ ಬಾರಿಯೂ ತೂಗುಹಾಕಿದ ಕಾಂತಸೂಜಿಯ ತಿರುಗುವಿಕೆಯಿಂದ ಪ್ರವಾಹವನ್ನು ಅಳೆದನು. ತಂತಿಯ ಉದ್ದವು ಹೆಚ್ಚಿದಂತೆಲ್ಲ ಪ್ರವಾಹವು ಗೊತ್ತಾದ ಒಂದು ಪ್ರಮಾಣದಲ್ಲಿಯೇ ತಗ್ಗುತ್ತಿತ್ತು.

ಈ ಫಲಿತಾಂಶಗಳು 1826ರಲ್ಲಿ ಪ್ರಕಟವಾದವು. ಮರುವರ್ಷ ಅವುಗಳ ಗಣಿತವನ್ನು ವಿವರಿಸುವ ಗ್ರಂಥವು ಬರ್ಲಿನ್ನಿನಲ್ಲಿ ಅಚ್ಚಾಯಿತು. ಓಮ್ ಬಯಸಿದ್ದ ವಿಶ್ವವಿದ್ಯಾನಿಲಯದ ಹುದ್ದೆ ಅದರಿಂದ ಕೈಗೂಡಲಿಲ್ಲ. ಕಲೋನಿನ ಕೆಲಸವನ್ನೂ ಬಿಟ್ಟು ಆತನು ಹಲವು ವರ್ಷ ಕಷ್ಟದಲ್ಲಿ ಕಳೆದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮ್ಯೂನಿಕ್ಕಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಠವು ದೊರೆತದ್ದು 1852ರಲ್ಲಿ, ಎಂದರೆ ಸಾವಿಗೆ ಎರಡೇ ವರ್ಷ ಮೊದಲು.

ಓಮ್‌ನ ನಿಯಮವನ್ನು ಇಂದು ಹೀಗೆ ಹೇಳುತ್ತಾರೆ: ವಾಹಕದ ಉಷ್ಣತೆಯು ಬದಲಾಗದಿದ್ದರೆ, ಅದರಲ್ಲಿ ಹರಿಯುವ ಪ್ರವಾಹವು ಅದರ ಎರಡು ತುದಿಗಳ ನಡುವಣ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಕೆರೆಯ ತೂಬನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಕೆರೆಯಲ್ಲಿ ನಿಂತ ನೀರಿನ ಎತ್ತರವು ವಿಭವಾಂತರದಂತೆ. ತೂಬಿನಿಂದ ಹೊರಬೀಳುವ ನೀರು ಪ್ರವಾಹದಂತೆ. ತೂಬಿನ ಇಕ್ಕಟ್ಟು ರೋಧದಂತೆ. (ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಕೊಳವೆ ಒಡೆದರೆ ನೀರು ಸುರಿಯುತ್ತದೆ. ತಂತಿ ತುಂಡಾದರೆ ಪ್ರವಾಹವೇ ನಿಲ್ಲುತ್ತದೆ.) ವಿಭವಾಂತರವನ್ನು ವೋಲ್ಟ್‌ಗಳಲ್ಲಿಯೂ ಪ್ರವಾಹವನ್ನು ಆಂಪೇರ್‌ಗಳಲ್ಲಿಯೂ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೋಧವು ದೊರೆಯುತ್ತದೆ. ಅದರ ಮಾನಕ್ಕೆ ಓಮ್ ಎಂದೇ ಹೆಸರು. ಅವೆರಡನ್ನೂ ಗುಣಿಸಿದರೆ ದೊರೆಯುವುದು ಸಾಮರ್ಥ್ಯ. ಅದರ ಮಾನ ವಾಟ್.

ಇಸ್ತ್ರಿಪೆಟ್ಟಿಗೆಯೊಂದರ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆಯೆನ್ನೋಣ. 1000ವನ್ನು 230ರಿಂದ ಭಾಗಿಸಿದರೆ ಪ್ರವಾಹವು ಸುಮಾರು 4.35 ಆಂಪೇರ್, 230ನ್ನು 4.35ರಿಂದ ಭಾಗಿಸಿದರೆ ರೋಧವು ಸುಮಾರು 53 ಓಮ್. ಅದೇ ಮನೆಯ 60 ವಾಟ್‌ನ ತಂತುದೀಪದಲ್ಲಿ ಹರಿಯುವುದು ಸುಮಾರು 0.26 ಆಂಪೇರ್ ಮಾತ್ರ; ಉರಿಯುತ್ತಿರುವಾಗ ಅದರ ರೋಧ ಸುಮಾರು 880 ಓಮ್. ಹೆಚ್ಚು ವಾಟ್ ಇರುವ ಉಪಕರಣಕ್ಕೆ ಹೆಚ್ಚು ರೋಧವಿರಬೇಕೆಂದು ಹಲವರು ಭಾವಿಸುತ್ತಾರೆ; ಲೆಕ್ಕವು ಅದಕ್ಕೆ ವಿರುದ್ಧವಾದುದನ್ನು ತೋರಿಸುತ್ತದೆ. ಇನ್ನು ವೋಲ್ಟೇಜು 160ಕ್ಕೆ ಇಳಿಯಿತೆನ್ನೋಣ. 53 ಓಮ್‌ನ ಇಸ್ತ್ರಿಪೆಟ್ಟಿಗೆಯಲ್ಲಿ ಆಗ ಹರಿಯುವುದು ಸುಮಾರು 3 ಆಂಪೇರ್. ಸಾಮರ್ಥ್ಯ ಸುಮಾರು 480 ವಾಟ್. ವೋಲ್ಟೇಜು ಮೂರರಲ್ಲೊಂದು ಪಾಲಿನಷ್ಟೂ ಇಳಿದಿಲ್ಲ, ಶಾಖವು ಅರ್ಧಕ್ಕಿಂತ ಕೆಳಗಿಳಿದಿದೆ! ವೋಲ್ಟೇಜು ತಗ್ಗಿದಾಗ ಪ್ರವಾಹವೂ ತಗ್ಗುವುದರಿಂದ ಗುಣಲಬ್ಧಕ್ಕೆ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತದೆ.

ತಂತಿಗೂ ರೋಧವಿರುವುದರಿಂದ ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಸುಲಭವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ತು ಹರಿಯಿತು. ಅದಕ್ಕೆ ಹತ್ತಾರು ಸಾವಿರ ವೋಲ್ಟ್‌ಗಳ ಒತ್ತಡವನ್ನು ಬಳಸಿದ್ದರ ಗುಟ್ಟು ಈ ಲೆಕ್ಕದಲ್ಲಿಯೇ ಇದೆ. ಉದಾಹರಣೆಗೆ, ಹತ್ತು ಓಮ್ ರೋಧದ ತಂತಿಯಲ್ಲಿ ಹತ್ತು ಲಕ್ಷ ವಾಟ್ ಸಾಗಬೇಕೆನ್ನೋಣ. 1000 ವೋಲ್ಟ್‌ನಲ್ಲಿ ಕಳುಹಿಸಲು 1000 ಆಂಪೇರ್ ಬೇಕು. ಅಷ್ಟು ಪ್ರವಾಹವನ್ನು ಆ ತಂತಿಯಲ್ಲಿ ನೂಕುವುದಕ್ಕೇ 10,000 ವೋಲ್ಟ್ ಬೇಕು. ಎಂದರೆ ಆ ಕಾರ್ಯವೇ ಅಸಾಧ್ಯ. 30,000 ವೋಲ್ಟ್‌ನಲ್ಲಿಯಾದರೆ 33 ಆಂಪೇರ್ ಸಾಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದು ಸುಮಾರು 11,000 ವಾಟ್, ಅಂದರೆ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ಮನುಷ್ಯನ ದೇಹವೂ ಒಂದು ವಾಹಕವೆಂಬುದನ್ನು ಇಲ್ಲಿ ಹೇಳಲೇಬೇಕು. ಒಣಗಿದ ಚರ್ಮದ ರೋಧವು ಸಾವಿರಾರು ಓಮ್‌ಗಳಷ್ಟಿರುತ್ತದೆ. ಒದ್ದೆಯಾದಾಗ ದೇಹದ ರೋಧವು ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟ್‌ನ ತಂತಿಯನ್ನು ಆಗ ಮುಟ್ಟಿದರೆ 0.23 ಆಂಪೇರ್ ಹರಿಯುತ್ತದೆ. ಇದು ಆ 60 ವಾಟ್ ದೀಪದ ಪ್ರವಾಹಕ್ಕಿಂತಲೂ ಕಡಿಮೆ. ಆದರೆ ಎದೆಯ ಮೂಲಕ 0.1 ಆಂಪೇರ್ ಹಾದುಹೋದರೂ ಹೃದಯವು ನಿಲ್ಲುವ ಅಪಾಯವಿದೆ. 5 ಆಂಪೇರ್‌ನ ಫ್ಯೂಸ್ ತಂತಿಗೆ ಈ ಅಲ್ಪ ಪ್ರವಾಹವು ತಿಳಿಯುವುದೇ ಇಲ್ಲ. ಅದು ಕಾಯುವುದು ಮನೆಯ ತಂತಿಗಳನ್ನು, ಮನುಷ್ಯನನ್ನಲ್ಲ. ಈಗ ಅನೇಕ ಮನೆಗಳಲ್ಲಿ ಅಳವಡಿಸುವ, ವಿದ್ಯುತ್ ಸೋರಿಕೆಯನ್ನು ಗುರುತಿಸುವ ಸ್ವಿಚ್ಚಿನ ಕ್ರಮವೇ ಬೇರೆ. ಒಳಹೋದ ಪ್ರವಾಹಕ್ಕೂ ಹಿಂದಿರುಗಿದ ಪ್ರವಾಹಕ್ಕೂ 0.03 ಆಂಪೇರ್‌ನಷ್ಟು ವ್ಯತ್ಯಾಸ ಕಂಡುಬಂದರೆ, ಅದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ.